ಚಿಕ್ಕ ನೆಗೆಟಿವ್, ದೊಡ್ಡ ಚಿತ್ರ

“ಹೊರೆ ಕಡಿಮೆಯಿರಬೇಕು, ಚಿತ್ರ ಮಾತ್ರ ಸ್ಫುಟವಾಗಿ ಬರಬೇಕು, ಯಾವ ಕ್ಯಾಮರಾ ಕೊಳ್ಳಲಿ?” ಎಂದು ಹವ್ಯಾಸಿಗಳು ಕೇಳುವುದುಂಟು. ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿದ್ದ ಆಸ್ಕರ್ ಬಾರ್ನಾಕನಿಗೂ ಇದೇ ಚಿಂತೆ. ಲೈಟ್ಸ್ ಸೂಕ್ಷ್ಮದರ್ಶಕ ಕಾರ್ಖಾನೆಯ ಈ ಯಂತ್ರಜ್ಞನಿಗೆ ಉಬ್ಬಸ. ಗಾಜಿನ ಫಲಕಗಳ ಭಾರವಾದ ಕ್ಯಾಮರಾ ಹೊತ್ತು ಅಲೆಯುವುದು ಅವನಿಗೆ ಆಗದ ಮಾತು. 1914ರ ಹೊತ್ತಿಗೆ ಅವನು 35 ಮಿಲಿಮೀಟರ್ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಚಿತ್ರಗಳ ಜಾಗದಲ್ಲಿ 24ಕ್ಕೆ 36 ಮಿಲಿಮೀಟರಿನ ಒಂದೇ ಚಿತ್ರ ಹಿಡಿಯುವ ಪುಟ್ಟ ಕ್ಯಾಮರಾ ಮಾಡಿಕೊಂಡ. ಇಷ್ಟು ಚಿಕ್ಕ ನೆಗೆಟಿವನ್ನು ದೊಡ್ಡದು ಮಾಡಿದರೆ ಮಸೂರದ ಸಣ್ಣ ದೋಷವೂ ದೊಡ್ಡದಾಗುತ್ತದಲ್ಲವೆ? ತಕ್ಕ ಮಸೂರವನ್ನು ಲೆಕ್ಕಹಾಕಿ ಕೊಟ್ಟವನು ಮ್ಯಾಕ್ಸ್ ಬೆರೆಕ್; ಅವನ ಹೆಸರನ್ನು ನಾವು ಮರೆಯುವುದೇ ಹೆಚ್ಚು. ಯುದ್ಧಾನಂತರದ ಮುಗ್ಗಟ್ಟಿನಲ್ಲಿ ಇದನ್ನು ಕೊಳ್ಳುವವರಾರು ಎಂಬ ಶಂಕೆ ಕಾರ್ಖಾನೆಯೊಳಗೇ ಇತ್ತು. 1924ರಲ್ಲಿ ಯಜಮಾನ ಎರ್ನ್ಸ್ಟ್ ಲೈಟ್ಸ್ ಧೈರ್ಯಮಾಡಿ ತಯಾರಿಕೆಗೆ ಒಪ್ಪಿದ. 1925ರ ವಸಂತದಲ್ಲಿ, ಲೈಪ್‌ಜಿಗ್ ವಸ್ತುಪ್ರದರ್ಶನದಲ್ಲಿ, ಬಾರ್ನಾಕನ ಕ್ಯಾಮರಾ ಲೈಕಾ ಎಂಬ ಹೆಸರಿನಿಂದ ಜನರ ಮುಂದೆ ಬಂತು.