ಬೆಟ್ಟದ ಮೆಟ್ಟಿಲುಗಳಲ್ಲಿ ಗಿಡಮರಗಳು

ಬುಡದಲ್ಲಿ ಹೆಮ್ಮರಗಳ ಕಾಡು, ನಡುವೆ ಪಾಚಿ ಹೊದ್ದ ಗಿಡ್ಡ ಮರಗಳು, ಅದಕ್ಕೂ ಮೇಲೆ ಬರಿಯ ಹುಲ್ಲು, ಕಲ್ಲು. ದೊಡ್ಡ ಬೆಟ್ಟವನ್ನು ಹತ್ತಿದವರಿಗೆಲ್ಲ ಇದು ಕಂಡ ನೋಟವೇ. ಆದರೆ ಯಾವ ಗಿಡ ಎಷ್ಟು ಎತ್ತರದವರೆಗೆ ಬೆಳೆಯುತ್ತದೆಂದು ಅಳೆದು ಬರೆಯಬೇಕೆಂಬ ಹಂಬಲ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಒಂದೇ ಕಾಲಕ್ಕೆ ಇಬ್ಬರಲ್ಲಿ ಹುಟ್ಟಿತು.

ಒಬ್ಬ, ಬರ್ಲಿನ್ನಿನ ಶ್ರೀಮಂತ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಸಸ್ಯಶಾಸ್ತ್ರ ಬಲ್ಲ ಬಾನ್‌ಪ್ಲಾನನೊಡನೆ 1799ರಲ್ಲಿ ಸ್ಪೇನಿನಿಂದ ಹೊರಟು, 1802ರ ಜೂನ್ 23ರಂದು ಚಿಂಬೊರಾಸೊ ಪರ್ವತವನ್ನೇರಿದ. ಜಗತ್ತಿನಲ್ಲೇ ಎತ್ತರವಾದದ್ದೆಂದು ಆಗ ನಂಬಿದ್ದ ಪರ್ವತವದು. ಕೊರಕಲೊಂದು ಅಡ್ಡ ಬಂದು ಹಿಂತಿರುಗಬೇಕಾದಾಗ, ಅವನ ಲೆಕ್ಕದಂತೆ, 19,000 ಅಡಿಗೂ ಮೇಲೆ ಹೋಗಿದ್ದರು.

ಇನ್ನೊಬ್ಬ, ಪೊಪಾಯಾನ್ ಊರಿನ ಫ್ರಾನ್ಸಿಸ್ಕೊ ಹೊಸೆ ದೆ ಕಾಲ್ದಾಸ್. ವ್ಯಾಪಾರಕ್ಕೆಂದು ಊರೂರು ತಿರುಗಿದವನು; ಹಣವಿಲ್ಲ, ಒಳ್ಳೆಯ ಉಪಕರಣಗಳಿಲ್ಲ. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆಯಲ್ಲವೆ? ಆ ಕುದಿಯುವ ನೀರಿನಿಂದಲೇ ಬೆಟ್ಟದ ಎತ್ತರವನ್ನು ಕಂಡುಹಿಡಿಯುವ ಉಪಾಯವನ್ನು ಯಾರ ನೆರವೂ ಇಲ್ಲದೆ ತಾನೇ ಹುಡುಕಿಕೊಂಡ. ಸಮಭಾಜಕದ ಬಳಿ ರೈತರು ಬೆಳೆಯುವ ಪೈರುಗಳ ಎಲ್ಲೆಗಳನ್ನು ಗುರುತಿಸಿದ. ಹಂಬೋಲ್ಟ್ ಇವನ ಕೆಲಸವನ್ನು ಮೆಚ್ಚಿದ. ಆದರೆ ಪ್ರವಾಸಕ್ಕೆ ಜೊತೆಗೆ ಕರೆದೊಯ್ಯಲು ಒಪ್ಪಲಿಲ್ಲ. ಕಾಲ್ದಾಸನಿಗೆ ಆದ ನೋವು ಸಣ್ಣದಲ್ಲ. ಮುಂದೆ ಸ್ವಾತಂತ್ರ್ಯ ಹೋರಾಟದಲ್ಲಿ ಸೇರಿದ್ದಕ್ಕಾಗಿ 1816ರಲ್ಲಿ ಬೊಗೊಟಾದಲ್ಲಿ ಸ್ಪೇನಿನ ಸೈನಿಕರು ಅವನನ್ನು ಗುಂಡಿಟ್ಟು ಕೊಂದರು.

ಹೆಸರು ಉಳಿದದ್ದು ಹಂಬೋಲ್ಟನ ಚಿತ್ರಕ್ಕೆ. 1807ರಲ್ಲಿ ಅಚ್ಚಾದ ಆ ಹಾಳೆಯಲ್ಲಿ ಪರ್ವತವನ್ನು ಅಡ್ಡಕ್ಕೆ ಸೀಳಿದಂತೆ ತೋರಿಸಿ, ಆಯಾ ಎತ್ತರದಲ್ಲಿ ಆಯಾ ಗಿಡಗಳ ಹೆಸರನ್ನೇ ಬರೆದಿದೆ. ಯಾವ ಗಿಡ ಎಲ್ಲಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಆಗ ಇರಲಿಲ್ಲ. ಎಷ್ಟು ಬಗೆ ಎಂಬ ಪ್ರಶ್ನೆಗೆ ಕೂತು ಎಣಿಸುವವರೇ ಬೇಕಿತ್ತು.

ಎಣಿಸಿದವನು ಅಮೆರಿಕದ ಆಲ್ವಿನ್ ಜೆಂಟ್ರಿ. ಸಾವಿರ ಚದರ ಮೀಟರು ಕಾಡನ್ನು ಅಳೆದುಕೊಂಡು, ಎರಡೂವರೆ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಪ್ರತಿಯೊಂದು ಮರವನ್ನೂ ಬಳ್ಳಿಯನ್ನೂ ಗುರುತಿಸುವುದು ಅವನ ಕ್ರಮ. ಆಂಡೀಸಿನಲ್ಲಿ ಸುಮಾರು 1,500 ಮೀಟರಿನಿಂದ ಮೇಲಕ್ಕೆ ಹೋದಷ್ಟೂ ಮರಬಳ್ಳಿಗಳ ಬಗೆಗಳು ಇಳಿಯುತ್ತವೆಂದು 1988ರಲ್ಲಿ ಬರೆದ. ಎಲ್ಲ ಸಸ್ಯಗಳಿಗೂ ಈ ಮಾತು ಒಪ್ಪದು. ಮರದ ಮೇಲೆಯೇ ಬೇರೂರುವ ಸೀತಾಳೆ, ಜರಿಗಿಡಗಳಿಗೆ ನೆಲದ ಹಂಗಿಲ್ಲ, ಗಾಳಿಯ ತೇವ ಬೇಕು. ಆದ್ದರಿಂದ ಮೋಡ ಬಂದು ತಂಗುವ ನಡುಬೆಟ್ಟದಲ್ಲೇ ಅವುಗಳ ಸಂತೆ. 1993ರಲ್ಲಿ ಈಕ್ವೆಡಾರಿನ ಕಾಡನ್ನು ಸಮೀಕ್ಷಿಸುತ್ತಿದ್ದಾಗ ವಿಮಾನ ಬೆಟ್ಟಕ್ಕೆ ಬಡಿದು ಜೆಂಟ್ರಿ ಸತ್ತ.

ಇನ್ನು ಆ ಹಳೆಯ ಚಿತ್ರದ ಮಾತು. 2012ರಲ್ಲಿ ವಿಜ್ಞಾನಿಗಳು ಚಿಂಬೊರಾಸೊ ಹತ್ತಿ, ಗಿಡಗಳು 500 ಮೀಟರಿಗೂ ಹೆಚ್ಚು ಮೇಲೇರಿವೆ ಎಂದರು. ಹಂಬೋಲ್ಟನ ಕಾಗದಪತ್ರಗಳನ್ನು ಬೇರೆಯವರು ಶೋಧಿಸಿದಾಗ ಮೋಜಿನ ಸಂಗತಿ ಹೊರಬಿತ್ತು: ಮರಗಳ ಎಲ್ಲೆಗೆ ಮೇಲಿನ ಗಿಡಗಳಲ್ಲಿ ಹೆಚ್ಚಿನವನ್ನು ಅವನು ಕಿತ್ತದ್ದು ಚಿಂಬೊರಾಸೊದಲ್ಲಲ್ಲ, ಅಂಟಿಸಾನ ಎಂಬ ಇನ್ನೊಂದು ಪರ್ವತದಲ್ಲಿ! ಅಲ್ಲಿಗೇ ಹೋಗಿ ಹೋಲಿಸಿ, 2019ರಲ್ಲಿ ಲೆಕ್ಕವನ್ನು ತಿದ್ದಿದರು. ಏರಿಕೆ 215ರಿಂದ 266 ಮೀಟರು. ಅಂಟಿಸಾನದ ಗಿಡಗಳ ಮುಂದೆ ಇನ್ನು ಉಳಿದಿರುವುದು ಬಂಡೆ, ಅದರ ಮೇಲೆ ಕರಗುತ್ತಿರುವ ಹಿಮ.