12 ಅಡಿಯ ಮಾಡು: ವಸ್ತಾರೆ ಸೀಮೆಯ ಹೆಂಚುಗೆಲಸ ಮತ್ತು ಗಾಯದ ಹೊಣೆ

ಮುಂಗಾರಿಗೆ ಮುಂಚೆ ಮಲೆನಾಡಿನ ವಸ್ತಾರೆ ಸೀಮೆಯಲ್ಲಿ ಹೆಂಚು ಕೈಯಾಡಿಸುವ ಕೆಲಸ ಶುರುವಾಗುತ್ತದೆ. ಒಡೆದ ಹೆಂಚು ತೆಗೆಯಬೇಕು, ಗೆದ್ದಲು ತಿಂದ ರೀಪು ಬದಲಿಸಬೇಕು, ಪಾಚಿ ಕೆರೆಯಬೇಕು. ಎರಡು ದಿನದ ಕೆಲಸಕ್ಕೆ ಸಾರವೆ ಯಾಕೆ ಎನ್ನುವವರೇ ಹೆಚ್ಚು. ಕಟ್ಟಡ ಕಾರ್ಮಿಕರ ಅಪಘಾತವೆಂದರೆ ಬೆಂಗಳೂರಿನ ಬಹುಮಹಡಿಗಳನ್ನೇ ನೆನೆಯುವ ನಮ್ಮ ಚರ್ಚೆ ಈ ಮಾಡಿನವರೆಗೆ ಬರುವುದು ಅಪರೂಪ.

1923ರ ಕಾರ್ಮಿಕ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿ ಮಾತ್ರ ಅಲ್ಲಿಗೂ ಏರುತ್ತದೆ. ನೆಲದಿಂದ ಮಾಡಿನ ನೆತ್ತಿಗೆ 12 ಅಡಿ ಇದ್ದರೆ ಸಾಕು, ಒಂದೇ ಅಂತಸ್ತಿನ ಮನೆಯ ದುರಸ್ತಿಯೂ ಅದರೊಳಗೆ ಬರುತ್ತದೆ. ಮಳೆಗೆ ಅಂಜಿ ಕಡಿದಾಗಿ ಕಟ್ಟಿದ ಮಲೆನಾಡಿನ ಮಾಡು ಈ ಅಳತೆಯನ್ನು ಸಾಮಾನ್ಯವಾಗಿ ಮೀರುತ್ತದೆ. (ಇಲ್ಲಿನ ಕಲಂ ಸಂಖ್ಯೆಗಳು ಹಳೆಯ ಕಾಯ್ದೆಗಳವು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಚೌಕಟ್ಟನ್ನು ಬಹುಪಾಲು ಉಳಿಸಿಕೊಂಡಿದೆ.)

ತೊಡಕು ಶುರುವಾಗುವುದು ಆಳನ್ನು ಕರೆದವರು ಯಾರು ಎಂದಾಗ. ಮನೆಯವರೇ ದಿನಗೂಲಿಗೆ ಕರೆದಿದ್ದರೆ ಹೊಣೆ ಅವರದೇ. ಮಾಲೀಕರ ಉದ್ಯಮಕ್ಕೆ ಸೇರದ ಬಿಡಿ ಕೆಲಸದವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿ ಅಳಿಸಿದೆ. ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದರೆ 12ನೇ ಕಲಂ ಅಡ್ಡ ಬರುತ್ತದೆ: ತನ್ನ ಉದ್ಯಮದ ವಾಡಿಕೆಯ ಕೆಲಸವನ್ನು ಗುತ್ತಿಗೆಗೆ ಕೊಟ್ಟವನಷ್ಟೇ ಹೊಣೆಗಾರ. ಸ್ವಂತ ಮನೆಯ ಮಾಡು ಯಾರ ಉದ್ಯಮ? ಹೊಣೆ ಮೇಸ್ತ್ರಿಯ ತಲೆಗೆ ಇಳಿಯುತ್ತದೆ. ಎಷ್ಟೋ ಸಲ ಅವನೂ ಅದೇ ಮಾಡಿನ ಮೇಲೆ ಹೆಂಚು ಜೋಡಿಸುತ್ತಿರುತ್ತಾನೆ.

ತೋಟದ ಲೈನ್ ಮನೆಯ ಮಾತು ಬೇರೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ 15ನೇ ಕಲಂ ವಸತಿಯನ್ನು ಮಾಲೀಕರ ಕರ್ತವ್ಯವಾಗಿಸಿತು. ಆ ಮನೆ ಕುಸಿದು ಕಾರ್ಮಿಕರಿಗೋ ಮನೆಮಂದಿಗೋ ಪೆಟ್ಟಾದರೆ, ನೈಸರ್ಗಿಕ ವಿಕೋಪ ಅಥವಾ ವಾಸಿಗಳದೇ ತಪ್ಪು ಕಾರಣವಲ್ಲದಿದ್ದಲ್ಲಿ, ಪರಿಹಾರ ಕೊಡಬೇಕೆಂದು 1981ರಲ್ಲಿ 16ಎ ಕಲಂ ಸೇರಿತು. ಅದೇ ಮನೆಯ ಹೆಂಚು ಸರಿಪಡಿಸುತ್ತ ಜಾರಿದ ಹೊರಗಿನ ಆಳಿಗೆ ಅದರಲ್ಲಿ ಜಾಗವಿಲ್ಲ. ಆದರೆ ಕಾನೂನೇ ಹೊರಿಸಿದ ವಸತಿಯ ದುರಸ್ತಿ ತೋಟದ ಉದ್ಯಮದ ವಾಡಿಕೆಯ ಭಾಗವೇ ಆಗಬೇಕೆಂಬುದು ನನ್ನ ವಾದ. ಒಪ್ಪಿದರೆ ಮಾಲೀಕರು ಮೇಸ್ತ್ರಿಯನ್ನು ತೋರಿಸಿ ಪಾರಾಗಲಾರರು.

‘ಕುಡಿದು ಹತ್ತಿದ್ದನಂತೆ’ ಎಂಬ ಮಾತು ಊರಲ್ಲಿ ಬೇಗ ಹಬ್ಬುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ವೈಕಲ್ಯವಾದಲ್ಲಿ 1923ರ ಕಾಯ್ದೆಯ 3ನೇ ಕಲಂ ಆ ಸಬೂಬನ್ನು ಒಪ್ಪದು. ‘ಪೂರ್ಣ’ ಎಂಬುದನ್ನು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ (1975) ಸುಪ್ರೀಂ ಕೋರ್ಟ್ ಕಸುಬಿನಿಂದಲೇ ಅಳೆಯಿತು. ಚಿತ್ರಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿ ಒಂಟಿ ಕೈಯಲ್ಲಿ ಬಡಗಿತನ ಮಾಡಲಾರ; ಹಾಗಾಗಿ ಅದು ಪೂರ್ಣ ವೈಕಲ್ಯ, ಹಣ ಸಲ್ಲಬೇಕಾದದ್ದು ಅಪಘಾತದ ದಿನದಿಂದಲೇ.

ಮೊತ್ತ ನಿಲ್ಲುವುದು ಕೂಲಿಯ ಮೇಲೆ: ಪೂರ್ಣ ವೈಕಲ್ಯಕ್ಕೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. ಆ ಕೂಲಿಗೂ ಕರೆದವರು ಯಾರೆಂಬುದಕ್ಕೂ ಇರುವ ಬರಹ ಹೆಚ್ಚೆಂದರೆ ಮೇಸ್ತ್ರಿಯ ಜೇಬಿನ ಪುಸ್ತಕ.