ಯಾರವರು?

‘ಯಾರು’ ಎಂದು ಕೇಳಿದರೆ ಹೆಸರು ಹೇಳಿ ಪಾರಾಗಬಹುದು. ‘ಯಾರವರು’ ಎಂದು ಕೇಳಿದರೆ ಪಾರಾಗಲು ಬರುವುದಿಲ್ಲ. ಯಾರ ಪೈಕಿ, ಯಾವ ಮನೆತನ, ಯಾವ ಓಣಿ ಎಲ್ಲವೂ ಹೊರಬೀಳಬೇಕು. ನಮ್ಮ ಅಫಜಲಪುರ ಸೀಮೆಯಲ್ಲಿ ನೇರವಾಗಿ ಜಾತಿ ಕೇಳುವವರು ಕಡಿಮೆ. ಹಾಗೆ ಕೇಳಿದರೆ ಒರಟಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೇಳದೆ ಸುಮ್ಮನಿರುವವರು ಇನ್ನೂ ಕಡಿಮೆ.

ಚೌಡಾಪುರವನ್ನೇ ನೋಡಿ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಗಾಣಗಾಪುರದ ದತ್ತನ ಕಡೆಗೆ ಹೊರಳುವವರು ಇಲ್ಲಿ ಹೊರಳಬೇಕು. ಹಾಗಾಗಿ ಪರಊರಿನ ಮುಖಗಳಿಗೆ ಇಲ್ಲಿ ಬರವಿಲ್ಲ. ಚಾದಂಗಡಿಯ ಬೆಂಚಿನ ಮೇಲೆ ಸುಸಲಾ, ಮಿರ್ಚಿ ತಿನ್ನುತ್ತ ಕುಳಿತವರ ನಡುವೆ ಮಾತು ಹೀಗೆ ಸಾಗುತ್ತದೆ:

“ಯಾವೂರ್ರೀ?”

“ಜೇವರ್ಗಿ ಕಡೀವ್ರು.”

“ಜೇವರ್ಗ್ಯಾಗ ಯಾರ ಪೈಕಿ?”

“ಒಕ್ಕಲತನ ಮಾಡ್ತೀವ್ರಿ.”

“ಅದಲ್ರೀ, ಅಡ್ಡಹೆಸ್ರು?”

ಬಡಿಗೇರ, ಹಡಪದ, ಕುಲಕರ್ಣಿ ಎಂದು ಉತ್ತರ ಬಂದರೆ ಕೇಳಿದವನ ಕೆಲಸ ಹಗುರ. ಪಾಟೀಲ ಎಂದರೆ ಮತ್ತೆ ತೊಡಕು, ಏಕೆಂದರೆ ಹುದ್ದೆಯಿಂದ ಬಂದ ಆ ಹೆಸರು ಒಂದೇ ಜಾತಿಯದಲ್ಲ. ಲಿಂಗಾಯತರಲ್ಲೂ ಪಾಟೀಲರಿದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವನು ಸಿಕ್ಕರಂತೂ ಕೇಳುವವನಿಗೆ ಸಮಾಧಾನವೇ ಇಲ್ಲ. ಬೀಗರು ಯಾರು, ಗುಡಿ ಯಾವುದು ಎನ್ನುವವರೆಗೂ ಹೋಗುತ್ತಾನೆ. ಉತ್ತರ ತಿಳಿದ ಮೇಲೆ ಬೆಂಚಿನ ಮೇಲೆ ಇಬ್ಬರ ನಡುವಿನ ಜಾಗ ಚೂರು ಹಿಗ್ಗುವುದನ್ನೂ ಕುಗ್ಗುವುದನ್ನೂ ನಾನು ನೋಡಿದ್ದೇನೆ.

ಈ ‘ಯಾರವ’ ಎಂಬ ಪದವನ್ನು ಹಿಡಿದು ಬಸವಣ್ಣ ಒಂದು ವಚನವನ್ನೇ ಕಟ್ಟಿದ. ಸಭೆಗಳಲ್ಲಿ, ಲಗ್ನಪತ್ರಿಕೆಗಳಲ್ಲಿ ಅದು ಕಾಣದ ದಿನವಿಲ್ಲ. ‘ಎಲ್ಲರೂ ನಮ್ಮವರೇ’ ಎಂಬ ಉದಾರ ಮಾತಾಗಿ ಅದು ಬಳಕೆಯಲ್ಲಿದೆ. ಆದರೆ ಅಲ್ಲಿ ಮಾತಾಡುತ್ತಿರುವುದು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಯಜಮಾನನಲ್ಲ. ‘ಇವನಾರವ’ ಎನ್ನಿಸಬೇಡ, ‘ಇವ ನಮ್ಮವ’ ಎನ್ನಿಸು, ನಿನ್ನ ಮನೆಯ ಮಗನೆನ್ನಿಸು ಎಂದು ಕೂಡಲಸಂಗಮದೇವನಲ್ಲಿ ಬೇಡುತ್ತಿರುವವನು ಅವನು. ಬಿಜ್ಜಳನ ಅರಮನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ, ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಮನುಷ್ಯ ಪ್ರಶ್ನೆ ಕೇಳುವವರ ಸಾಲು ಬಿಟ್ಟು ಕೇಳಿಸಿಕೊಳ್ಳುವವರ ಸಾಲಿಗೆ ಬಂದು ನಿಂತಿದ್ದಾನೆ. ಬೇರೆಡೆ ಮಾದಾರ ಚೆನ್ನಯ್ಯನಿಗೆ ಅಪ್ಪನ ಸ್ಥಾನ ಕೊಟ್ಟಿದ್ದೂ ಇದೇ ಲೆಕ್ಕದಲ್ಲಿ. ಯಾರವನು ಎಂದರೆ ಚಮ್ಮಾರಿಕೆಯ ಮನೆಯವನು ಎಂದು 12ನೇ ಶತಮಾನದಲ್ಲಿ ಹೇಳಿಕೊಂಡಂತೆ.

ಆದರೆ ‘ನಮ್ಮವ’ ಎಂಬ ಪದದ ಮುಂದಿನ ಪಾಡು ನೋಡಿ. ಚುನಾವಣೆ ಬಂದಾಗ “ಈ ಸಲ ನಮ್ಮವ ನಿಂತಾನ” ಎನ್ನುತ್ತಾರಲ್ಲ, ಅಲ್ಲಿ ನಮ್ಮವ ಎಂದರೆ ಯಾರು? ಪ್ರಶ್ನೆಯನ್ನು ಅಳಿಸಲು ಬಸವಣ್ಣ ಬಳಸಿದ ಉತ್ತರವೇ ಇವತ್ತು ಜಾತಿಯ ಇನ್ನೊಂದು ಹೆಸರಾಗಿದೆ. ವಚನ ಬಾಯಿಪಾಠವಾಗಿದೆ, ಪದ ಮಾತ್ರ ಎದುರು ಪಾಳಯದಲ್ಲಿದೆ.

ಇದೇ ಪ್ರಶ್ನೆ ಇನ್ನೊಂದು ಕಾವ್ಯದಲ್ಲಿ ಗಾಣಗಾಪುರದಲ್ಲೇ ಕೇಳಿಬರುತ್ತದೆ. ಗಾಣಗಾಪುರದ ಗುರು ನರಸಿಂಹ ಸರಸ್ವತಿಗಳ ಕಥೆ ಹೇಳುವ ‘ಗುರುಚರಿತ್ರೆ’ ಮರಾಠಿಯ ಓವಿಗಳಲ್ಲಿದೆ. ಬರೆದ ಸರಸ್ವತಿ ಗಂಗಾಧರ ಆಳಂದ ತಾಲೂಕಿನ ಕಡಗಂಚಿಯವನೆಂದು ಪರಂಪರೆ ಹೇಳುತ್ತದೆ.  ವಾದಕ್ಕೆ ಬಂದ ಇಬ್ಬರು ಗರ್ವಿಷ್ಠ ಪಂಡಿತರ ಎದುರು ನರಸಿಂಹ ಸರಸ್ವತಿಗಳು ದಾರಿಯಲ್ಲಿ ಹೋಗುತ್ತಿದ್ದ ಒಬ್ಬನನ್ನು ಕರೆಸಿ ನೀನು ಯಾರು ಎಂದು ಕೇಳುತ್ತಾರೆ. ಅವನು ಊರ ಹೊರಗಿನವನು. ನೆಲದ ಮೇಲೆ ಏಳು ಗೆರೆ ಎಳೆಸುತ್ತಾರೆ. ಒಂದೊಂದು ಗೆರೆ ದಾಟಿದಾಗಲೂ ಅವನಿಗೆ ಒಂದೊಂದು ಹಿಂದಿನ ಜನ್ಮ ನೆನಪಾಗುತ್ತದೆ, ಒಂದೊಂದು ಮೇಲಿನ ಜಾತಿ ಬಾಯಿಗೆ ಬರುತ್ತದೆ. ಏಳನೆಯದನ್ನು ದಾಟಿದಾಗ ಅವನು ವೇದ ಬಲ್ಲ ಬ್ರಾಹ್ಮಣ. ಪಂಡಿತರ ಬಾಯಿ ಕಟ್ಟುತ್ತದೆ.

ಭಕ್ತರು ಇದನ್ನು ಗರ್ವಭಂಗದ ಕಥೆಯಾಗಿ ಪಾರಾಯಣ ಮಾಡುತ್ತಾರೆ, ತಪ್ಪೇನಿಲ್ಲ. ನನ್ನ ಕಣ್ಣು ಹೋಗುವುದು ಮುಂದಿನ ಭಾಗಕ್ಕೆ. ಹೆಂಡತಿ, ಮಕ್ಕಳು ಹುಡುಕಿಕೊಂಡು ಬಂದರೆ ಅವನು ಮುಟ್ಟಬೇಡ ಎಂದು ಗದರುತ್ತಾನೆ. ಮೇಲೇರಿದವನು ಮೊದಲು ಕಲಿತ ಲೌಕಿಕ ಮಾತು ಅದು! ಆಮೇಲೆ ಗುರುಗಳು ಅವನ ಮೈಮೇಲೆ ಹಾಕಿದ್ದ ಭಸ್ಮವನ್ನು ನೀರು ಹಾಕಿ ತೊಳೆಸಲಾಗುತ್ತದೆ. ಕಲಿತದ್ದೆಲ್ಲ ಮರೆತು ಅವನು ಮನೆಗೆ ಹೋಗುತ್ತಾನೆ. ವಿದ್ಯೆ ಅದೇ ದೇಹದಲ್ಲಿ, ಅದೇ ನಾಲಗೆಯಲ್ಲಿ ಇತ್ತು ಎಂದು ತೋರಿಸುವಷ್ಟು ಧೈರ್ಯ ಈ ಕಾವ್ಯಕ್ಕಿದೆ. ಅವನು ಅವನಾಗಿದ್ದೇ ಬಲ್ಲವನಾಗಲು ಮಾತ್ರ ಅದು ಬಿಡುವುದಿಲ್ಲ.

ಕಡಕೋಳ ಮಡಿವಾಳಪ್ಪನವರ ದಾರಿ ಬೇರೆ. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದ, ಈಗ ಯಡ್ರಾಮಿಗೆ ಸೇರಿದ ಕಡಕೋಳದ ಈ ತತ್ವಪದಕಾರರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಏಕತಾರಿ ಹಿಡಿದು ಭಜನೆಗೆ ಕುಳಿತವನನ್ನು ಯಾರವರು ಎಂದರೆ ಗುರುವಿನ ಹೆಸರು ಹೇಳುತ್ತಾನೆ. ಹುಟ್ಟಿನ ಉತ್ತರ ಬೇಕಿದ್ದಲ್ಲಿ ಶಿಷ್ಯತನದ ಉತ್ತರ. ಭಜನೆ ಮುಗಿದು ಬೆಳಗಾದ ಮೇಲೆ ಯಾರು ಯಾವ ಓಣಿಗೆ ಹೋಗುತ್ತಾರೆ ಎಂಬುದು ಬೇರೆ ಮಾತು.

ಅಮೆರಿಕದ ಕಪ್ಪು ಕವಿಗಳಿಗೆ ಈ ಪ್ರಶ್ನೆಯೇ ಬೇಕಾಗಲಿಲ್ಲ. ಅಲ್ಲಿ ಯಾರವರು ಎಂದು ಕೇಳುವ ಮೊದಲೇ ಮೈಬಣ್ಣ ಉತ್ತರ ಹೇಳಿಬಿಟ್ಟಿರುತ್ತದೆ. ಲ್ಯಾಂಗ್‌ಸ್ಟನ್ ಹ್ಯೂಸ್‌ ಅವರ ಒಂದು ಪುಟ್ಟ ಪದ್ಯ ‘ಮೈ ಪೀಪಲ್’ ಎಂಬ ಹೆಸರಿನಲ್ಲಿ ಪ್ರಸಿದ್ಧ. ಕನ್ನಡದ ದಲಿತ ಕವಿ ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಪದ್ಯದ ಹೆಸರೂ ಹೆಚ್ಚುಕಡಿಮೆ ಅದೇ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಬಣ್ಣಕ್ಕೂ ಜಾತಿಗೂ ಇರುವ ವ್ಯತ್ಯಾಸ ಯಾವ ಸಮಾಜಶಾಸ್ತ್ರದ ಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ. ಹ್ಯೂಸ್ ಕಣ್ಣಿಟ್ಟಿದ್ದು ಮುಖದ ಮೇಲೆ. ಜಗತ್ತು ಹೀಗಳೆದ ಆ ಮುಖ, ಕಣ್ಣುಗಳನ್ನು ರಾತ್ರಿ, ನಕ್ಷತ್ರಗಳ ಪಕ್ಕ ಇಟ್ಟು ಚೆಲುವೆಂದರು. ಸಿದ್ಧಲಿಂಗಯ್ಯನವರ ಪದ್ಯದಲ್ಲಿ ಮುಖದ ಚೆಲುವಿನ ಮಾತಿಲ್ಲ. ಹಸಿದದ್ದು, ಹೊತ್ತದ್ದು, ಒದೆ ತಿಂದದ್ದು, ಕಟ್ಟಿದ್ದು, ಬೆಳೆದದ್ದು ಹೀಗೆ ದುಡಿಮೆ ಮತ್ತು ನೋವೇ ಅಲ್ಲಿ ಗುರುತು. ಮುಖ ನೋಡಿ ಗೊತ್ತಾಗದ ಜನರನ್ನು ಅವರು ಮಾಡಿದ ಕೆಲಸದಿಂದ ತೋರಿಸಬೇಕಾಯಿತು. ಜಾತಿಯ ಹೆಸರು ಪದ್ಯದ ತಲೆಬರಹದಲ್ಲಿಲ್ಲ, ಸಂಕಲನದ ರಕ್ಷಾಪುಟದ ಮೇಲಿದೆ: ‘ಹೊಲೆಮಾದಿಗರ ಹಾಡು’, 1975. ಯಾರಾದರೂ ಅಡ್ಡಹೆಸರು ಕೇಳುವ ಮೊದಲೇ ಪುಸ್ತಕವೇ ಎದ್ದುನಿಂತು ಹೇಳಿದಂತೆ. ಬೈಗುಳವಾಗಿ ಬಳಕೆಯಾಗುತ್ತಿದ್ದ ಪದಗಳು ಮೆರವಣಿಗೆಯ ಹಾಡಾದವು.

ಕರ್ನಾಟಕದಲ್ಲಿ ಬಣ್ಣ, ಜಾತಿ ಎರಡರ ಕಷ್ಟವನ್ನೂ ಒಟ್ಟಿಗೆ ಉಣ್ಣುವವರೂ ಇದ್ದಾರೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿಗಳು. ಶತಮಾನಗಳಿಂದ ಇಲ್ಲಿಯವರಾಗಿ ಕನ್ನಡ, ಕೊಂಕಣಿ ಮಾತಾಡಿದರೂ ಬಸ್‌ಸ್ಟ್ಯಾಂಡಿನಲ್ಲಿ ಯಾವ ದೇಶದವರು ಎಂದು ಕೇಳಿಸಿಕೊಳ್ಳಬೇಕು.

ಎಲ್ಲ ‘ಯಾರವರು’ಗಳೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಒಳಮೀಸಲಾತಿಗಾಗಿ 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗದ ಗಣತಿದಾರರು ಪರಿಶಿಷ್ಟ ಜಾತಿಯ ಮನೆಗಳಿಗೆ ಬಂದು ಮೂಲಜಾತಿ ಕೇಳಿದರು. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳ ಅಡಿಯಲ್ಲಿ ಯಾರು ಯಾರು ಎಂದು ಗೊತ್ತಾಗದೆ ಪಾಲು ಹಂಚುವುದಕ್ಕೇ ಬರುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಿದರೆ ಸೀಟೋ ನೌಕರಿಯೋ ಸಿಗಬಹುದು. ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಉತ್ತರ ಹೇಳಿದರೆ ಮನೆ ತಪ್ಪಬಹುದು. ‘ಜಾತಿ ಕೇಳಲೇಬಾರದು’ ಎಂದು ಸುಲಭಕ್ಕೆ ಹೇಳುವವರು ಹೆಚ್ಚಾಗಿ ಎರಡನೆಯ ಪ್ರಶ್ನೆಯನ್ನು ಎಂದೂ ಎದುರಿಸದವರು.

ಬಸವ ಜಯಂತಿಗೆ ಮಕ್ಕಳಿಂದ ‘ಇವನಾರವ’ ವಚನ ಹಾಡಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಅದೇ ವೇದಿಕೆಯಲ್ಲಿ ‘ನನ್ನ ಜನಗಳು’ ಕೂಡ ಓದಿಸಿ. ಎರಡೂ ಸೇರಿ ಹತ್ತು ನಿಮಿಷವೂ ಬೇಕಾಗುವುದಿಲ್ಲ. ಓದಿಸಲು ಹುಡುಗನನ್ನೋ ಹುಡುಗಿಯನ್ನೋ ಆರಿಸುವಾಗ ಹಾಜರಿ ಪುಸ್ತಕದ ಅಡ್ಡಹೆಸರು ನೋಡಬೇಡಿ. ಯಾರ ದನಿ ಚಲೋ ಇದೆಯೋ ಅವರಿಗೆ ಕೊಡಿ.